ಫ್ಯಾನ್ ಆಫ್ ಮಾಡ್ಸಿದ ಟೀಚರ್

ಲ್ಯಾಬಲ್ಲಿ 11 ವರ್ಷದಿಂದ ಹಾರ್ಮೋನ್ ಟೆಸ್ಟ್ ಮಾಡೋ ಇಮ್ಯುನೋ ಬೆಂಚ್ ನಂದೇ. ದಿನಾ ರಾಶಿ ರಾಶಿ ಥೈರಾಯ್ಡ್ ಟೆಸ್ಟ್ ರಿಪೋರ್ಟ್ ಬಿಟ್ಟೂ ಬಿಟ್ಟೂ, ಇದ್ರಲ್ಲಿ ನಂಗೆ ಗೊತ್ತಿಲ್ದೇ ಇರೋದು ಏನಿದೆ ಅನ್ನೋ ಕೊಬ್ಬು ಬಂದಿತ್ತು, ಅದನ್ನ ಇಳಿಸಿದ್ದು ಒಂದು ಕೂದಲಿನ ಮಾತ್ರೆ.

ಹೋದ ವರ್ಷ ಮಾರ್ಚಲ್ಲಿ ಒಬ್ರು ಟೀಚರ್ ಸ್ಯಾಂಪಲ್ ಬಂತು. ಥೈರಾಯ್ಡ್ ಕಮ್ಮಿ ಅಂತ ಎರಡು ವರ್ಷದಿಂದ ಥೈರಾಕ್ಸಿನ್ ಮಾತ್ರೆ 75 ಮೈಕ್ರೋಗ್ರಾಂ ನುಂಗ್ತಿದ್ರು, ಥೈರಾಯ್ಡನ್ನ ಕೆಲಸಕ್ಕೆ ಎಬ್ಬಿಸೋ ಹಾರ್ಮೋನ್ ಟಿಎಸ್‌ಎಚ್ ಯಾವಾಗ್ಲೂ 3ರ ಆಸುಪಾಸು. ಅವತ್ತು 0.15, ರಕ್ತದಲ್ಲಿ ಬಿಡಿಯಾಗಿರೋ ಥೈರಾಕ್ಸಿನ್ ಅಂದ್ರೆ ಎಫ್‌ಟಿ4 ನೋಡಿದ್ರೆ ರೇಂಜ್ ದಾಟಿ ಮೇಲೆ. ಹಳೇ ರಿಸಲ್ಟ್ ಜೊತೆ ಹೋಲ್ಸೋ ಡೆಲ್ಟಾ ಚೆಕ್ ಕೆಂಪಾಯ್ತು. ಮಶೀನ್ ಸರಿ ಇದೆಯಾ ಅಂತ ನೋಡೋ ಕ್ಯೂಸಿ ಎರಡೂ ಲೆವೆಲ್ ಸರಿಯಾಗೇ ಇತ್ತು. ರೀರನ್ ಹಾಕ್ದೆ, 0.14. ಡೋಸ್ ಜಾಸ್ತಿ ಆಗಿದೆ ಅಷ್ಟೇ ಅಂತ ಅಪ್ರೂವ್ ಒತ್ತಿಬಿಟ್ಟೆ. ಅದೇ ಟ್ಯೂಬು ಅದೇ ಮಶೀನು ಅದೇ ಕಿಟ್ಟು, ಸುಳ್ಳು ಹೇಳೋನ್ನ ಇನ್ನೊಂದ್ಸಲ ಕೇಳಿದ್ರೆ ಅದೇ ಸುಳ್ಳನ್ನೇ ತಾನೇ ಹೇಳೋದು. ನಿಜ ಹೇಳ್ಬೇಕಂದ್ರೆ ರಿಪೋರ್ಟ್ ಲೇಟಾದ್ರೆ ಹೆಸರು ಹಾಕೋ ಟಿಎಟಿ ಗ್ರೂಪಲ್ಲಿ ನನ್ ಹೆಸರು ಬರಬಾರ್ದು ಅನ್ನೋದೊಂದೇ ತಲೇಲಿತ್ತು. ಡಾಕ್ಟರ್ ಆ ರಿಪೋರ್ಟ್ ನಂಬಿ ಮಾತ್ರೆ ನಿಲ್ಸಿದ್ರು.

ಥೈರಾಯ್ಡ್ ಕತ್ತಲ್ಲಿರೋ ಪುಟ್ಟ ಗ್ರಂಥಿ, ನಾವು ತಿನ್ನೋ ಅಯೋಡಿನ್ ಹಿಡ್ಕೊಂಡು ಟಿ4, ಟಿ3 ಮಾಡತ್ತೆ, ಮೈ ಬಿಸಿ, ಎದೆ ಬಡಿತ, ಜೀರ್ಣ ಎಲ್ಲಾ ಅದರ ಲೆಕ್ಕದಲ್ಲೇ. ಅದು ಸೋಮಾರಿ ಆದ್ರೆ ಮೇಲಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೈಯತ್ತೆ, ಆ ಬೈಗುಳವೇ ಟಿಎಸ್‌ಎಚ್. ಥೇಟ್ ನಮ್ ಮ್ಯಾನೇಜರ್, ಒಂದೇ ವ್ಯತ್ಯಾಸ ಏನಂದ್ರೆ ಕೆಲಸ ಆದ್ಮೇಲೆ ಪಿಟ್ಯುಟರಿ ಸುಮ್ನಾಗತ್ತೆ. ಹಾರ್ಮೋನ್ ಜಾಸ್ತಿ ಆದ್ರೆ ಎದೆ ಢವಢವ, ಬೆವರು, ತೂಕ ಇಳಿಯೋದು. ಕಮ್ಮಿ ಆದ್ರೆ ಚಳಿ, ಸುಸ್ತು, ಮಲಬದ್ಧತೆ, ಮುಖ ಊತ.

ಟಿ4 ಅರ್ಧ ಇಳಿಯೋಕೇ ಒಂದು ವಾರ ಬೇಕು, ಅದಕ್ಕೇ ಮರುಪರೀಕ್ಷೆ ಆರು ವಾರಕ್ಕೆ. ಮೇ ತಿಂಗಳ ಬಿಸಿಲಲ್ಲಿ ಟೀಚರ್ ಮತ್ತೆ ಬಂದ್ರು. ಬ್ಲಡ್ ತೆಗೆದ ಹುಡುಗಿ ಟ್ಯೂಬ್ ಇಡ್ತಾ, "ಸರ್, ಆಯಮ್ಮ ಫ್ಯಾನ್ ಆಫ್ ಮಾಡ್ಸಿದ್ರು, ಸ್ವೆಟರ್ ಬೇರೆ ಹಾಕ್ಕೊಂಡಿದಾರೆ" ಅಂದ್ಲು. ನಾನು ಹೂಂ ಅಂದೆ. ರಿಸಲ್ಟ್ ಬಂತು, ಟಿಎಸ್‌ಎಚ್ 1.9. ಎಷ್ಟು ಚೆಂದದ ನಂಬರ್! ಎಫ್‌ಟಿ4 ಇನ್ನೂ ಮೇಲೇ ಇತ್ತು, ಇಳೀತಾ ಇರ್ಬೇಕು ಬಿಡು ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡು ಅಪ್ರೂವ್ ಮಾಡೇಬಿಟ್ಟೆ. ಎರಡನೇ ಸಲ.

ಹತ್ತೇ ನಿಮಿಷಕ್ಕೆ ಡಾಕ್ಟರ್ ಫೋನು. "ಪೇಷೆಂಟ್ ನನ್ನೆದುರೇ ಕೂತಿದಾರೆ. ಮುಖ ಊದಿದೆ, ದನಿ ಗೊಗ್ಗರು, ಪಲ್ಸ್ 54. ನೀವು ನಾರ್ಮಲ್ ಅಂತ ಕಳ್ಸಿದೀರ. ಯಾರನ್ನ ನಂಬ್ಲಿ ಹೇಳಿ?" ನನ್ ಬಾಯಲ್ಲಿ "ಕ್ಯೂಸಿ ಓಕೆ ಇದೆ ಸರ್" ಅಂತ ಬಂತು, ಬಂದ್ಮೇಲೆ ನಂಗೇ ನಾಚಿಕೆ ಆಯ್ತು. ಆಚೆ ಮೌನ. ಆಗ ಆ ಫ್ಯಾನ್ ನೆನಪಾಯ್ತು. ಏನೇನು ಮಾತ್ರೆ ತಗೋತಾರೆ ಸ್ವಲ್ಪ ಕೇಳಿ ಸರ್ ಅಂದೆ. ದೂರದಿಂದ ಆಯಮ್ಮನ ದನಿ ಕೇಳಿಸ್ತು, "ಮಾತ್ರೆ ಎಲ್ಲಾ ನಿಲ್ಸಿದೀರಲ್ಲ, ಕೂದಲು ಉದುರತ್ತೆ ಅಂತ ಒಂದು ವಿಟಮಿನ್ ಅಷ್ಟೇ, ಫೆಬ್ರವರಿಯಿಂದ."

ಬಯೋಟಿನ್, 10 ಮಿಲಿಗ್ರಾಂ. ದಿನಕ್ಕೆ ಬೇಕಾಗೋದು 30 ಮೈಕ್ರೋಗ್ರಾಂ. ನಮ್ ಕಿಟ್ ನಡಿಯೋದೇ ಬಯೋಟಿನ್ ಮತ್ತೆ ಅದನ್ನ ಗಟ್ಟಿ ಹಿಡಿಯೋ ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಅಂಟಿನ ಮೇಲೆ, ರಕ್ತದಲ್ಲಿ ಬಿಟ್ಟಿ ಬಯೋಟಿನ್ ತುಂಬಿದ್ರೆ ಅದೇ ಹೋಗಿ ಜಾಗ ಹಿಡಿಯತ್ತೆ, ಸಿಗ್ನಲ್ ಇಳಿಯತ್ತೆ. ಸಿಗ್ನಲ್ ಇಳಿದ್ರೆ ಕಮ್ಮಿ ತೋರ್ಸೋ ಸ್ಯಾಂಡ್‌ವಿಚ್ ಟೆಸ್ಟ್ ಆದ ಟಿಎಸ್‌ಎಚ್ ಸುಳ್ಳಾಗಿ ಕೆಳಗೆ, ಸಿಗ್ನಲ್ ಇಳಿದ್ರೆ ಜಾಸ್ತಿ ತೋರ್ಸೋ ಕಾಂಪಿಟಿಟಿವ್ ಟೆಸ್ಟ್ ಆದ ಎಫ್‌ಟಿ4 ಸುಳ್ಳಾಗಿ ಮೇಲೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು, ಹಾರ್ಟ್ ಅಟ್ಯಾಕ್ ಪತ್ತೆ ಮಾಡೋ ಟ್ರೋಪೋನಿನ್ ಟೆಸ್ಟ್ ಕೂಡ ಹಿಂಗೇ ಕಮ್ಮಿ ತೋರಿಸ್ಬಹುದು ಅಂತ. ಅಷ್ಟೆಲ್ಲಾ ಯಾಕೆ, ನಮ್ ಕಿಟ್ ಇನ್ಸರ್ಟಲ್ಲೇ ಇರುವೆ ಅಕ್ಷರದಲ್ಲಿ ಬರ್ದಿತ್ತು. ನಾನು ಆ ಪೇಪರ್ ಮಡಚಿ ಅಲುಗಾಡೋ ಟೇಬಲ್ ಕಾಲಿಗೆ ಕೊಟ್ಟಿದ್ದೆ.

ಮೂರು ದಿನ ವಿಟಮಿನ್ ನಿಲ್ಸಿ ಮತ್ತೆ ಸ್ಯಾಂಪಲ್ ತಗೊಂಡ್ವಿ. ಟೆಸ್ಟ್ ಆಗೋ 18 ನಿಮಿಷ ಮಶೀನ್ ಮುಂದೆ ನಿಂತೇ ಇದ್ದೆ, ಟೀ ಆರೋಯ್ತು. ಟಿಎಸ್‌ಎಚ್ 38. ಎಫ್‌ಟಿ4 ನೆಲಕ್ಕೆ. ಡಾಕ್ಟರ್‌ಗೆ ನಾನೇ ಫೋನ್ ಮಾಡಿ ಹೇಳ್ದೆ, ತಪ್ಪಾಯ್ತು ಅಂತಾನೂ ಹೇಳ್ದೆ. ಥೈರಾಕ್ಸಿನ್ ಅವತ್ತೇ ಮತ್ತೆ ಶುರು.

ರಿಕ್ವೆಸ್ಟ್ ಫಾರ್ಮಲ್ಲಿ ವಿಟಮಿನ್‌ಗೆ ಒಂದು ಕಾಲಂ ಹಾಕ್ಸಿ ಅಂತ ಮೀಟಿಂಗಲ್ಲಿ ಕೇಳಿದ್ರೆ, ಲ್ಯಾಬ್ ಕಂಪ್ಯೂಟರ್ ಸಿಸ್ಟಮ್ಮಿನ ಎಲ್‌ಐಎಸ್ ವೆಂಡರ್ ಚಾರ್ಜ್ ಮಾಡ್ತಾನೆ, ಮುಂದಿನ ಕ್ವಾರ್ಟರ್ ನೋಡೋಣ ಅಂದ್ರು. ನಾಲ್ಕು ಕ್ವಾರ್ಟರ್ ಆಯ್ತು. ಸದ್ಯಕ್ಕೆ ಬ್ಲಡ್ ತೆಗೆಯೋ ಹುಡುಗಿ ಟ್ಯೂಬ್ ಮೇಲೆ ಪೆನ್ನಲ್ಲಿ "ಬ" ಅಂತ ಬರೀತಾಳೆ, ಹೋದ್ವಾರ ಮೂರು ಬಂದಿತ್ತು.