ಕನೇರಿ ಮಠದ ಹಳ್ಳಿ ನೋಡೋಕೆ ಹೋಗುವವರು ಮೂರು ಗಂಟೆ ಇಟ್ಟುಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಕೊಲ್ಹಾಪುರದಿಂದ ಕನೇರಿ ಮಠಕ್ಕೆ, ಅಲ್ಲಿ ಗೊಂಬೆಗಳಲ್ಲಿ ಮಾಡಿಟ್ಟಿರುವ ಹಳೇ ಕಾಲದ ಹಳ್ಳಿಯ ಮ್ಯೂಸಿಯಂ ನೋಡೋಕೆ ಗಾಡಿ ಮಾಡಿಕೊಂಡು ಹೋಗುವವರು ಬರೀ ಹೋಗಿ ಬರುವ ಬಾಡಿಗೆ ಮಾತಾಡಿ ಹತ್ತಬೇಡಿ. ಅಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೂ ಮಾತಾಡಿ. ಮೂರು ಗಂಟೆ ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಲಿಲ್ಲ. ಅದಕ್ಕೇ ಅವ್ವ ಇನ್ನೂ ಕುಂಬಾರನ ಗೊಂಬೆಯ ಮುಂದೆ ನಿಂತಿರುವಾಗಲೇ ನನ್ನ ಫೋನು ಬಡಿದುಕೊಳ್ಳೋಕೆ ಶುರುವಾಯಿತು.

ನಮ್ಮದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅವ್ವನಿಗೆ ಈಗ ಎಪ್ಪತ್ತು. ಉಮದಿಯ ಸಂತ ಭಾವೂಸಾಹೇಬ ಮಹಾರಾಜರ ಹೆಸರು ನಮ್ಮ ಕಡೆ ದಿನಾ ಬಾಯಲ್ಲಿರುತ್ತದೆ. ಅವರ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು, ಅವರ ಶಿಷ್ಯರು ಕನೇರಿ ಮಠದ ಮುಪ್ಪಿನ ಕಾಡಸಿದ್ಧೇಶ್ವರರು. ಸಾಯುವುದರೊಳಗೆ ಆ ಮಠಕ್ಕೆ ಒಮ್ಮೆ ಕೈ ಮುಗಿದು ಬರಬೇಕು ಅಂತ ಅವ್ವ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ಹಳ್ಳಿಯ ಮ್ಯೂಸಿಯಂ ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಹೇಗೂ ಅಲ್ಲೇ ಇದೆಯಲ್ಲ, ನೋಡಿ ಬಂದರಾಯಿತು ಅಂದುಕೊಂಡಿದ್ದೆವು ಅಷ್ಟೇ.

ಬಸ್ಸಿನಲ್ಲಿ ಮಿರಜ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಕೊಲ್ಹಾಪುರ. ರೈಲಿನ ಬಗ್ಗೆ ನನ್ನ ತಕರಾರಿಲ್ಲ, ಅವ್ವನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಸ್ಟೇಷನ್ ಹೊರಗೆ ಒಬ್ಬ ಗಾಡಿಯವನು ಏಳುನೂರು ಕೇಳಿದ. ಐನೂರು ಮುಂಗಡ ಇಸಿದುಕೊಂಡ. ದಾರಿಯಲ್ಲಿ ಬಹಳ ಚೆನ್ನಾಗಿ ಮಾತಾಡಿದ, ಅವ್ವನನ್ನು ಕೈ ಹಿಡಿದು ಇಳಿಸಿದ. ನಾವು ಇಳಿದು ಸರಿಯಾಗಿ ಒಂದು ತಾಸಾಗುತ್ತಲೇ ಫೋನ್ ಮಾಡಿ, ಹೊತ್ತಾಯಿತು, ಈಗ ಬನ್ನಿ, ಇಲ್ಲಾ ಇನ್ನೂ ನಾನೂರು ಕೊಡಿ ಅಂದ. ಆಗಲ್ಲ ಅಂದೆ. ಐನೂರರ ಸಮೇತ ಹೊರಟೇ ಹೋದ. ಅಲ್ಲಿಗೆ ಬರುವವರೆಲ್ಲ ಒಂದು ಗಂಟೆಯಲ್ಲಿ ಫೋಟೋ ಹೊಡೆದುಕೊಂಡು ಹೋಗುವವರೇ ಅಂತ ಅವನ ಲೆಕ್ಕವಿರಬೇಕು. ಆದರೆ ಅದನ್ನು ಸ್ಟೇಷನ್ ಮುಂದೆಯೇ ಹೇಳಬೇಕಿತ್ತು, ಅಲ್ವಾ?

ಕರ್ನಾಟಕದ ಕಡೆಯಿಂದ ಸ್ವಂತ ಗಾಡಿಯಲ್ಲಿ ಬರುವವರಿಗೆ ಈ ತಾಪತ್ರಯವಿಲ್ಲ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ನಿಪ್ಪಾಣಿ, ಕಾಗಲ್ ದಾಟಿದ ಮೇಲೆ ಗೋಕುಳ ಶಿರಗಾವ್ ಬರುತ್ತದೆ. ಅಲ್ಲಿಂದ ಒಳಗೆ ತಿರುಗಿದರೆ ಮಠ ದೂರವಿಲ್ಲ. ಕೊಲ್ಹಾಪುರದ ತನಕ ಹೋಗಿ ವಾಪಸ್ ಬರುವ ತಪ್ಪು ಮಾಡಬೇಡಿ.

ಈಗ ಹಳ್ಳಿಯ ವಿಷಯ. ಸುಮಾರು ಏಳು ಎಕರೆ ಬಯಲು. ಮೊಗಲರು ಬರುವ ಮುಂಚೆ ಹಳ್ಳಿಯೊಂದು ಹೇಗಿತ್ತು, ಉಪ್ಪೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಾನೇ ಹೇಗೆ ಮಾಡಿಕೊಳ್ಳುತ್ತಿತ್ತು ಅನ್ನೋದನ್ನು ಸಿಮೆಂಟಿನ ಗೊಂಬೆಗಳಲ್ಲಿ ಮಾಡಿ ನಿಲ್ಲಿಸಿದ್ದಾರೆ. ಎಂಬತ್ತರಷ್ಟು ದೃಶ್ಯ, ಮುನ್ನೂರರಷ್ಟು ಗೊಂಬೆ. ಆಳೆತ್ತರದವು. ಶಿಗ್ಗಾವಿ ಹತ್ತಿರ ಗೊಟಗೋಡಿಯ ರಾಕ್ ಗಾರ್ಡನ್ ನೋಡಿದವರಿಗೆ ಅಂದಾಜು ಸಿಕ್ಕೀತು. ಶುರುವಿನಲ್ಲಿ ಒಂದು ಗವಿ, ಅದರಲ್ಲಿ ಚರಕ, ಸುಶ್ರುತ, ಪತಂಜಲಿ, ಕಣಾದರಂಥ ಋಷಿಗಳು. ಅಲ್ಲಿ ಕತ್ತಲು, ಹಿಂದಿನಿಂದ ಶಾಲೆ ಮಕ್ಕಳ ನೂಕುನುಗ್ಗಲು. ವಯಸ್ಸಾದವರ ಕೈ ಹಿಡಿದುಕೊಳ್ಳಿ, ಬೇಗ ಹೊರಗೆ ಬಂದುಬಿಡಿ. ನೋಡಬೇಕಾದ್ದು ಬಯಲಿನಲ್ಲಿದೆ.

ನಾನು ಮೊದಲ ಹತ್ತು ನಿಮಿಷ ಎಲ್ಲರ ಹಾಗೆ ಫೋಟೋ ತೆಗೆಯುತ್ತಾ ಮುಂದೆ ಮುಂದೆ ಹೋದೆ. ಹಿಂದೆ ತಿರುಗಿದರೆ ಅವ್ವ ಇಲ್ಲ. ಬೀಸುವ ಕಲ್ಲಿನ ಮುಂದೆ ನಿಂತಿದ್ದಳು. ಗೊಂಬೆ ಹೆಂಗಸು ಒಂದು ಕಾಲು ಚಾಚಿ, ಇನ್ನೊಂದು ಮಡಚಿಕೊಂಡು ಗೂಟ ಹಿಡಿದಿದ್ದಾಳೆ. “ಹಿಂಗ ಕುಂತ್ರ ನಡ ನೋಯಂಗಿಲ್ಲ, ಇದನ್ನ ಮಾಡಿದಾಂವಗ ಗೊತ್ತೈತಿ ನೋಡು” ಅಂದಳು. ಆಮೇಲೆ ಬಗ್ಗಿ ಆ ಹೆಂಗಸಿನ ಹಿಮ್ಮಡಿ ನೋಡಿದಳು. ಒಡೆದ ಹಿಮ್ಮಡಿ. ಬಿರುಕುಗಳನ್ನೂ ಒಂದೊಂದಾಗಿ ಕೊರೆದಿದ್ದಾರೆ. ಗೊಂಬೆಯ ಬೆನ್ನು, ಕೈಯ ನರ, ಸೀರೆಯ ನೆರಿಗೆ, ಯಾವುದನ್ನೂ ಸುಮ್ನೆ ಬಿಟ್ಟಿಲ್ಲ. ಅವ್ವ ತನ್ನ ಚಪ್ಪಲಿ ಬಿಟ್ಟು ಸ್ವಂತ ಹಿಮ್ಮಡಿ ತಿರುಗಿಸಿ ತೋರಿಸಿದಳು. ನಾನು ಅದನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಅವ್ವನೇ ನನಗೆ ಹಳ್ಳಿ ತೋರಿಸಿದಳು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಸಮಗಾರ, ಹಜಾಮ. ಮರಾಠಿಯಲ್ಲಿ ಬಾರಾ ಬಲುತೇದಾರ ಅನ್ನುತ್ತಾರೆ, ನಮ್ಮ ಕಡೆ ಆಯಗಾರರು. ಇವರಿಗೆ ದುಡ್ಡಿನ ಕೂಲಿ ಇರಲಿಲ್ಲ. ವರ್ಷವಿಡೀ ಕುಡ, ಕುಂಟೆ, ಕೂರಿಗೆ ರಿಪೇರಿ ಮಾಡಿಕೊಟ್ಟರೆ, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು. ಅದೇ ಆಯ. ಇದನ್ನು ನಾನು ಶಾಲೆಯಲ್ಲಿ ಓದಿದ್ದೆ. ಅವ್ವ ಮಾತ್ರ ತನ್ನ ತವರಿನ ಕಣದಲ್ಲಿ ಯಾರು ಯಾವ ಮೂಲೆಯಲ್ಲಿ ಕೂರುತ್ತಿದ್ದರು, ಅಜ್ಜ ಯಾರ ಚೀಲಕ್ಕೆ ಒಂದು ಮೊರ ಜಾಸ್ತಿ ಹಾಕುತ್ತಿದ್ದ ಅನ್ನೋದನ್ನೆಲ್ಲ ಹೇಳಿದಳು. ಅಜ್ಜನ ಕಣದಲ್ಲಿ ಹಂತಿ ಹೊಡೆಯುವಾಗ, ಅಂದರೆ ಎತ್ತುಗಳಿಂದ ತೆನೆ ತುಳಿಸುವಾಗ, ರಾತ್ರಿಯಿಡೀ ಹಾಡುತ್ತಿದ್ದರಂತೆ. ಆ ಹಾಡಿನ ಎರಡು ಸಾಲು ಅಲ್ಲೇ ನಿಂತು ಮೆಲ್ಲಗೆ ಹಾಡಿಯೂ ತೋರಿಸಿದಳು. ಮುಂದಿನದು ನೆನಪಾಗಲಿಲ್ಲ.

ಕಮ್ಮಾರನ ಕುಲುಮೆಯ ಮುಂದೆ ಮಾತು ಎಪ್ಪತ್ತೆರಡರ ಬರಕ್ಕೆ ಹೋಯಿತು. 1972ರ ಬರ ಅಂದರೆ ನಮ್ಮ ಕಡೆಯ ಹಿರಿಯರಿಗೆ ಬೇರೆ ವಿವರಣೆ ಬೇಡ. ರಾಶಿಯೇ ಆಗಲಿಲ್ಲ. ರಾಶಿ ಇಲ್ಲದ ಮೇಲೆ ಆಯ ಎಲ್ಲಿಂದ ಬರಬೇಕು? ಹೊಲ ಇದ್ದವರು ಹೇಗೋ ದಿನ ದೂಡಿದರು. ಅವ್ವನ ಊರಿನ ಕಮ್ಮಾರರ ಮನೆಯವರು ಒಂದು ಬೆಳಗ್ಗೆ ತಿದಿ ಕಟ್ಟಿಕೊಂಡು ಊರು ಬಿಟ್ಟರು. ಮತ್ತೆ ಬರಲಿಲ್ಲ. ಅವ್ವ ಆಗ ಹದಿನೇಳರ ಹುಡುಗಿ. ಸರ್ಕಾರದ ಬರಗಾಲದ ಕಾಮಗಾರಿಯಲ್ಲಿ ಖಡಿ ಕಲ್ಲು ಒಡೆದಳು, ಅಲ್ಲಿ ಕೊಟ್ಟ ಸುಕಡಿ ಅನ್ನೋ ಹಿಟ್ಟಿನ ತಿನಿಸು ತಿಂದಳು. ಇದನ್ನೆಲ್ಲ ನನಗೆ ಈ ಮೊದಲು ಹೇಳಿರಲಿಲ್ಲ. ಕೇಳಿದ್ದೂ ಇಲ್ಲ.

ಅದಕ್ಕೇ ನಾನು ಹೇಳೋದು, ಹೋದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡೇ ಹೋಗಿ. ರಂಟೆ ಹಿಡಿದವರು, ಬೀಸಿದವರು, ಕುಟ್ಟಿದವರು, ಯಾರಾದರೂ ಸರಿ. ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಅವರು ನಿಂತಲ್ಲಿ ನಿಲ್ಲಿ. ಮೂರು ಗಂಟೆ ಸಾಲೋದೇ ಇಲ್ಲ ಅನ್ನಿಸುತ್ತದೆ. ಒಬ್ಬರೇ ಹೋದರೆ ಮುನ್ನೂರು ಗೊಂಬೆ ನೋಡಿ ಬರುತ್ತೀರಿ.

ಭಾನುವಾರ ಬೇಡ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಕಾಲ, ಆಗ ಯಾವ ದಿನವೂ ಬೇಡ. ನಾವು ಹೋಗಿದ್ದು ವಾರದ ನಡುವೆ, ಆದರೂ ಎರಡು ಶಾಲೆ ಬಂದಿದ್ದವು. ನನಗೆ ಗದ್ದಲ ಆಗೋದಿಲ್ಲ, ಆಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಿಸಿಲನ್ನು ಮಾತ್ರ ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೂರ್ತಿ ಬಯಲು, ಮಧ್ಯಾಹ್ನ ನೆಲ ಕಾಯುತ್ತದೆ. ಬೆಳಗ್ಗೆಯೇ ಒಳಗೆ ಹೋಗಿ. ಟೋಪಿ, ನೀರು, ಮಂಡಿ ನೋವಿನವರಿದ್ದರೆ ಒಂದು ಕೋಲು.

ಹೊರಗೆ ಬಂದಾಗ ಎರಡೂವರೆ. ಗಾಡಿ ಇಲ್ಲ, ಹೊಟ್ಟೆ ಹಸಿದಿತ್ತು, ನನಗೆ ಸಿಟ್ಟು ಬೇರೆ. ಒಂದು ಶೇರ್ ರಿಕ್ಷಾ ಹತ್ತಿ ಹೆದ್ದಾರಿ ಕಡೆ ಬಂದೆವು, ತಲಾ ಇಪ್ಪತ್ತು ರೂಪಾಯಿ. ಇಳಿದ ಜಾಗದ ಹತ್ತಿರ ಒಂದು ತಗಡಿನ ಶೆಡ್ಡು. ಬೋರ್ಡಿಲ್ಲ. ಎರಡು ಬೆಂಚು, ಒಂದು ಕಟ್ಟಿಗೆ ಒಲೆ. ಫ್ಯಾಕ್ಟರಿಗೆ ಹೋಗುವ ಹುಡುಗರು ಉಣ್ಣುತ್ತಿದ್ದರು. ಒಲೆಯ ಮುಂದಿದ್ದ ಹೆಂಗಸು ನಮ್ಮ ಮಾತು ಕೇಳಿಸಿಕೊಂಡು “ಯಾವೂರ್ರೀ ನಿಮ್ಮದು?” ಅಂತ ಕನ್ನಡದಲ್ಲೇ ಕೇಳಿತು. ಸಂಕೇಶ್ವರದ ಕಡೆಯವಳಂತೆ, ಇಲ್ಲಿಗೆ ಕೊಟ್ಟು ಮೂವತ್ತು ವರ್ಷವಾಯಿತಂತೆ. ಅಷ್ಟು ಸಾಕಾಯಿತು, ಅವ್ವ ಬೆಂಚು ಬಿಟ್ಟು ಒಲೆಯ ಪಕ್ಕದಲ್ಲೇ ಕೂತಳು.

ಊಟ ಎಪ್ಪತ್ತು ರೂಪಾಯಿ. ಎರಡು ಜೋಳದ ರೊಟ್ಟಿ, ಝುಣಕ, ಮೆಣಸಿನಕಾಯಿ ಖರ್ಡಾ, ಮುಷ್ಟಿಯಲ್ಲಿ ಗುದ್ದಿ ಒಡೆದ ಈರುಳ್ಳಿ, ಒಂದು ಲೋಟ ಮಜ್ಜಿಗೆ. ಆಕೆ ರೊಟ್ಟಿ ಬಡಿಯೋದನ್ನು ನೋಡಬೇಕು. ಪರಾತದಲ್ಲಿ ಹಿಟ್ಟಿನ ಉಂಡೆ ಇಟ್ಟು, ಒಂದೇ ಕೈಯಲ್ಲಿ ತಟ್ಟುತ್ತಾ ತಿರುಗಿಸುತ್ತಾ ಹೋಗುತ್ತಾಳೆ, ಅಂಚು ಎಲ್ಲೂ ಒಡೆಯೋದಿಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಆ ನೀರು ಆರುತ್ತಿದ್ದಂತೆ ಮಗುಚಿ, ಆಮೇಲೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸುತ್ತಾಳೆ. ಕೆಂಡದ ಕಾವಿಗೆ ರೊಟ್ಟಿ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಝುಣಕದಲ್ಲಿ ಎಣ್ಣೆ ಕಡಿಮೆ, ಬೆಳ್ಳುಳ್ಳಿ ಜಾಸ್ತಿ, ತಳದಲ್ಲಿ ಸ್ವಲ್ಪ ಹತ್ತಿ ಕೆಂಪಾಗಿದ್ದ ಭಾಗವನ್ನು ಕೆರೆದು ಅವ್ವನ ತಾಟಿಗೇ ಹಾಕಿದಳು. ನಮ್ಮ ಕಡೆಗಿಂತ ಇಲ್ಲಿಯ ರೊಟ್ಟಿ ದಪ್ಪ ಅಂತ ಅವ್ವ ಹೇಳಿದಳು, ಹೇಳುತ್ತಲೇ ಮೂರನೆಯದನ್ನು ಹಾಕಿಸಿಕೊಂಡಳು. ಅದಕ್ಕೆ ಎಷ್ಟು ಕೇಳಿದರೂ ದುಡ್ಡು ತೆಗೆದುಕೊಳ್ಳಲಿಲ್ಲ. ಕೊಲ್ಹಾಪುರಕ್ಕೆ ಬಂದವರೆಲ್ಲ ತಾಂಬಡಾ, ಪಾಂಢರಾ ರಸ್ಸಾ, ಅಂದರೆ ಮಾಂಸದ ಕೆಂಪು, ಬಿಳಿ ಸಾರು ಹುಡುಕಿಕೊಂಡು ಹೋಗುತ್ತಾರೆ. ನಾವು ಮಾಂಸ ತಿನ್ನುವವರಲ್ಲ, ಅದರ ಬಗ್ಗೆ ಬೇರೆಯವರನ್ನು ಕೇಳಿ. ಶಾಕಾಹಾರಿಗಳಾದರೆ ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಇನ್ನೂರೈವತ್ತರ ಥಾಳಿ ತೆಗೆದುಕೊಳ್ಳುವ ಮುಂಚೆ, ಫ್ಯಾಕ್ಟರಿ ಹುಡುಗರು ಎಲ್ಲಿ ಉಣ್ಣುತ್ತಿದ್ದಾರೆ ಅಂತ ಒಮ್ಮೆ ನೋಡಿ.

ರಾತ್ರಿಗೆ ಅಂಬಾಬಾಯಿ ಗುಡಿಯ ಹತ್ತಿರ ಒಂದು ಲಾಡ್ಜು. ಫೋನಿನಲ್ಲಿ ಕೆಳಗಿನ ರೂಮು ಅಂದಿದ್ದರು. ಹೋದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಬಾಡಿಗೆ ಮಾತ್ರ ಹೇಳಿದಷ್ಟೇ, ಸಾವಿರದ ನಾನೂರು. ಅವ್ವ ಪ್ರತಿ ಮಹಡಿಗೂ ಕೂತು ಕೂತು ಹತ್ತಿದಳು. ಮಂಡಿ ನೋವಿನವರಿದ್ದರೆ ರೂಮನ್ನು ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿ. ಇಲ್ಲಾ, ನನ್ನ ಮಾತು ಕೇಳುವುದಾದರೆ, ಕೊಲ್ಹಾಪುರದಲ್ಲಿ ಉಳಿಯಲೇಬೇಡಿ. ಮಿರಜ, ನಿಪ್ಪಾಣಿ, ಬೆಳಗಾವಿ ಕಡೆಯವರು ಬೆಳಗ್ಗೆ ಬೇಗ ಹೊರಟರೆ ರಾತ್ರಿಗೆ ಮನೆ ಸೇರಬಹುದು.

ಬರುವಾಗ ಬೆಲ್ಲ ತರುವವರಿಗೆ ಒಂದು ಮಾತು. ಹಳದಿಯಾಗಿ ಹೊಳೆಯುವ ಪೆಂಟೆ ಬೇಡ, ಕಂದು ಬಣ್ಣದ್ದು ಕೇಳಿ. ಅಂಗಡಿಯವನು ಹಳದಿಯದನ್ನೇ ಮುಂದಿಡುತ್ತಾನೆ. ಅವ್ವ ಚೂರು ಮುರಿದು ನಾಲಿಗೆಗಿಟ್ಟು, ಉಪ್ಪುಪ್ಪು ಅನ್ನಿಸಿದ್ದನ್ನು ವಾಪಸ್ ಇಟ್ಟಳು. ಮೂರನೇ ಅಂಗಡಿಯಲ್ಲಿ ಒಪ್ಪಿದಳು. ಎರಡು ಕಿಲೋ ತಂದೆವು, ಒಂದು ಕಿಲೋ ಚಿಕ್ಕಮ್ಮನಿಗೆ. ದೀಪಾವಳಿ ಆದ ಮೇಲೆ ಅವಳನ್ನೂ ಕರೆದುಕೊಂಡು ಮತ್ತೆ ಹೋಗಬೇಕಂತೆ. ಹಂತಿ ಹಾಡಿನ ಮುಂದಿನ ಸಾಲುಗಳು ಅವಳಿಗೆ ಬರುತ್ತವಂತೆ.