ಅಳಿಸಿದ ಐದನೇ ಸ್ಟಾರ್

ನಾನು ಬರೆದ ಮಕ್ಕಳ ಪುಸ್ತಕಕ್ಕೆ ಇವತ್ತು ಎರಡು ರಿವ್ಯೂ ಬಂದ್ವು. ಒಂದು ಪತ್ರಿಕೇಲಿ, ದೊಡ್ಡವರು ಬರೆದಿದ್ದು. ಕಲ್ಪನಾಲೋಕ, ಮೌಲ್ಯ, ಭಾಷೆ ಎಲ್ಲಾ ಹೊಗಳಿದಾರೆ, ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಇನ್ನೊಂದು ನೋಟ್‌ಬುಕ್ ಹಾಳೇಲಿ, ಪೆನ್ಸಿಲ್ಲಲ್ಲಿ. ಪುಟ್ಟ ಓದುಗನ ಅಮ್ಮ ಫೋಟೋ ತೆಗೆದು ಕಳಿಸಿದ್ರು. "ಡ್ರ್ಯಾಗನ್ ಸೂಪರ್. ಆದ್ರೆ ಅದು ಊಟ ಯಾವಾಗ ಮಾಡುತ್ತೆ?" ಅಷ್ಟೇ. ಕೆಳಗೆ ನಾಲ್ಕು ಸ್ಟಾರ್. ಝೂಮ್ ಮಾಡಿ ನೋಡಿದ್ರೆ ಐದನೇದೂ ಬರೆದಿದಾನೆ, ಆಮೇಲೆ ಯೋಚನೆ ಮಾಡಿ ರಬ್ಬರ್ ಹಾಕಿ ಉಜ್ಜಿದಾನೆ, ಹಾಳೆ ಹರಿಯೋ ಅಷ್ಟು ಉಜ್ಜಿದಾನೆ ಮಾರಾಯ್ರೇ! ಇಷ್ಟು ಪ್ರಾಮಾಣಿಕ ವಿಮರ್ಶಕ ಎಲ್ಲಿ ಸಿಗ್ತಾನೆ.

1936ರಲ್ಲಿ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಮಕ್ಕಳ ಕಾದಂಬರಿ 'ದಿ ಹಾಬಿಟ್' ಹಸ್ತಪ್ರತೀನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ತನ್ನ 10 ವರ್ಷದ ಮಗ ರೇನರ್ ಕೈಗೆ ಕೊಟ್ಟು ಓದಿಸಿದ್ರು, ರಿಪೋರ್ಟ್ ಬರೆದ್ರೆ ಒಂದು ಶಿಲ್ಲಿಂಗ್ (ಆಗಿನ ಬ್ರಿಟಿಷ್ ನಾಣ್ಯ) ಕೂಲಿ. 5ರಿಂದ 9 ವರ್ಷದ ಮಕ್ಕಳಿಗೆಲ್ಲಾ ಹಿಡಿಸುತ್ತೆ ಅಂತ ಬರೆದ ಹುಡುಗ, ತನ್ನನ್ನ ಮಾತ್ರ ಆ ಲೆಕ್ಕದಿಂದ ನೀಟಾಗಿ ಹೊರಗಿಟ್ಕೊಂಡು! ಮುಂದಿನ ವರ್ಷ ಪುಸ್ತಕ ಬಂತು. ಆ ಒಂದು ಶಿಲ್ಲಿಂಗ್ ಎಷ್ಟು ದುಡೀತು ನೋಡಿ.

ಹಾಂ, ರೇಡಿಯೋ ಇಂಟರ್ವ್ಯೂ ಕೂಡ ರೆಕಾರ್ಡ್ ಆಗಿದೆ, ನಾಳೆ ಸಂಜೆ ಬರುತ್ತೆ. "ಈ ಕಥೆಯಿಂದ ಮಕ್ಕಳಿಗೆ ಏನು ಸಂದೇಶ" ಅಂತ ಕೇಳೇ ಕೇಳಿದ್ರು, ನಾನೂ ಏನೋ ಗಂಭೀರವಾಗಿ ಹೇಳಿದೀನಿ. ಮೈಕ್ ಮುಂದೆ ನನ್ನ ದನಿ ಯಾಕೋ ಹೆಡ್‌ಮಾಸ್ಟರ್ ಥರ ಆಗ್ಬಿಡುತ್ತೆ. ಕೇಳಿ, ಆದ್ರೆ ನಗೋದಿದ್ರೆ ನನಗೆ ಫೋನ್ ಮಾಡ್ಕೊಂಡು ನಗ್ಬೇಡಿ.