ಗುಮ್ಮಟದಿಂದ ತಾಮ್ರದ ಮಾಡಿನವರೆಗೆ: ಕೊಡಗಿನ ದೇವಸ್ಥಾನಗಳ ದಾರಿ

ಕೊಡಗಿಗೆ ಬರುವವರು ಅಬ್ಬಿ ಜಲಪಾತ, ದುಬಾರೆಯ ಆನೆ, ರಾಜಾಸೀಟಿನ ಸೂರ್ಯಾಸ್ತಗಳಿಗೆ ಮೊದಲು ಹೊತ್ತು ಮೀಸಲಿಟ್ಟು, ನಡುವೆ ಉಳಿದ ಅರ್ಧ ಗಂಟೆಯನ್ನು ದೇವಸ್ಥಾನಕ್ಕೆ ಕೊಡುತ್ತಾರೆ. ಆ ಅರ್ಧ ಗಂಟೆ ಹೆಚ್ಚಾಗಿ ಮಧ್ಯಾಹ್ನದ್ದಾಗಿರುತ್ತದೆ, ಆಗ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ. ಇದನ್ನು ತಿರುವುಮುರುವು ಮಾಡಿದರೆ, ಎಂದರೆ ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಕೋಟೆ, ಅರಸರ ಸಮಾಧಿಗಳ ಗದ್ದಿಗೆ, ಅರಮನೆ ಎಂದು ಇಟ್ಟುಕೊಂಡರೆ, ಎರಡು ದಿನದಲ್ಲಿ ಮುಖ್ಯವಾದದ್ದೆಲ್ಲ ನೋಡಬಹುದು. ಜಿಲ್ಲೆಯ ದಕ್ಷಿಣ ತುದಿಯ ಇರ್ಪುವಿಗೂ ಹೋಗುವುದಾದರೆ ಮೂರನೇ ದಿನ ಬೇಕು.

ಜಿಲ್ಲೆಗೆ ರೈಲಿಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಮೂರು ಗಂಟೆ ಎಂದುಕೊಳ್ಳಿ. ಶನಿವಾರ ಬೆಳಗ್ಗೆ ಕುಶಾಲನಗರದಿಂದ ಮೇಲೆ ಘಟ್ಟದ ತಿರುವುಗಳಲ್ಲಿ ಕಾರುಗಳ ಸಾಲು ಹನುಮಂತನ ಬಾಲವಾಗುತ್ತದೆ. ಸಾಧ್ಯವಾದರೆ ವಾರದ ನಡುವೆ ಬನ್ನಿ.

ಮಡಿಕೇರಿಯಲ್ಲಿ ಮೊದಲು ಓಂಕಾರೇಶ್ವರ. ಪೇಟೆಯಿಂದ ಇಳಿಜಾರಿನಲ್ಲಿ ಕೆಳಗೆ ಇಳಿದರೆ ಮೊದಲು ಕಾಣುವುದು ಕೆರೆ, ಅದರ ನಡುವೆ ಮಂಟಪ, ಮಂಟಪಕ್ಕೆ ಹೋಗುವ ಕಾಲುದಾರಿ. ದೇವಸ್ಥಾನವನ್ನು ಕೊಡಗಿನ ಅರಸ ಎರಡನೇ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ. ನಡುವೆ ಒಂದು ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗೋಪುರ. ದೂರದಿಂದ ನೋಡಿದವರಿಗೆ ದರ್ಗಾ ಎನಿಸುತ್ತದೆ. ಹತ್ತಿರ ಹೋಗಿ ಕತ್ತೆತ್ತಿದರೆ ಆ ಗೋಪುರಗಳ ಸುತ್ತ ಕುಳಿತ ಬಸವಗಳು ಕಾಣುತ್ತವೆ. ಗುಮ್ಮಟದ ತುದಿಯಲ್ಲಿ ಚಿನ್ನದ ಲೇಪದ ಗುಂಡು, ಅದರ ಬಳಿ ಗಾಳಿಯ ದಿಕ್ಕು ತೋರಿಸುವ ಸೂಚಕ. ಕಂಬಗಳ ದೊಡ್ಡ ನವರಂಗವನ್ನು ಇಲ್ಲಿ ಹುಡುಕಬೇಡಿ. ಕಿಟಕಿಯ ಸರಳುಗಳು ಪಂಚಲೋಹದವು ಎನ್ನುತ್ತಾರೆ. ಬಾಗಿಲ ಬಳಿಯ ತಾಮ್ರದ ಫಲಕದಲ್ಲಿ ದೇವಸ್ಥಾನದ ಚರಿತ್ರೆ ಇದೆ. ದರ್ಶನದ ಸಾಲಿನಲ್ಲಿ ಅದನ್ನು ದಾಟಿ ಹೋಗುವವರೇ ಹೆಚ್ಚು. ಸ್ಥಳೀಯ ಐತಿಹ್ಯದ ಪ್ರಕಾರ ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಪರಿಹಾರಕ್ಕೆ ಕಾಶಿಯಿಂದ ಲಿಂಗ ತರಿಸಿ ಇಲ್ಲಿ ಪ್ರತಿಷ್ಠೆ ಮಾಡಿಸಿದ.

ಬೆಳಗಿನ ಪೂಜೆಯ ಹೊತ್ತಿಗೆ ಹೋದರೆ ನೆಮ್ಮದಿಯಾಗಿ ನೋಡಬಹುದು. ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತಾರೆ. ಮಳೆಗಾಲದಲ್ಲಿ ಪ್ರಾಂಗಣದ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ವಯಸ್ಸಾದವರನ್ನು ಕೈಹಿಡಿದು ಕರೆದೊಯ್ಯಿರಿ. ಕಲ್ಲಿನ ತಂಡಿ ತಡೆಯಲಿ ಎಂದು ಸಾಕ್ಸ್ ಹಾಕಿಕೊಂಡು ನಡೆದರೆ ಇನ್ನಷ್ಟು ಜಾರುತ್ತದೆ.

ಅಲ್ಲಿಂದ ಕೋಟೆಗೆ. ಮಡಿಕೇರಿಯನ್ನು ಕಟ್ಟಿದ ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿದವನು ಟಿಪ್ಪು. ಊರಿಗೆ ಅವನಿಟ್ಟ ಹೆಸರು ಜಾಫರಾಬಾದ್. ಈಗಿನ ಅರಮನೆಯ ರೂಪ ಲಿಂಗರಾಜೇಂದ್ರ 1812ರಿಂದ 1814ರವರೆಗೆ ಮಾಡಿಸಿದ ಕೆಲಸದ್ದು. ಒಳಗೆ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳಿವೆ, ಮಕ್ಕಳಿದ್ದರೆ ಅಲ್ಲಿಂದ ಕದಲುವುದಿಲ್ಲ. ಮೂಲೆಯ ಹಳೆಯ ಚರ್ಚ್ ಕಟ್ಟಡ ಈಗ ವಸ್ತುಸಂಗ್ರಹಾಲಯ. ಬ್ರಿಟಿಷರು 1855ರಲ್ಲಿ ಅದನ್ನು ಕಟ್ಟುವಾಗ ಅಲ್ಲಿದ್ದ ವೀರಭದ್ರ ದೇವಸ್ಥಾನವನ್ನು ತೆಗೆದರು. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಮಡಿಕೇರಿಗೆ ಒಂದೇ ದಿನ ಇಟ್ಟುಕೊಂಡವರು ಆ ದಿನ ಸೋಮವಾರವಾಗದಂತೆ ನೋಡಿಕೊಳ್ಳಿ. ಕೋಟೆ ಮಹಾಗಣಪತಿಗೆ ಕೈಮುಗಿಯದೆ ಊರಿನವರು ಶುಭಕಾರ್ಯ ಶುರುಮಾಡುವುದು ಕಡಿಮೆ. ಮಡಿಕೇರಿ ದಸರಾ ಮೆರವಣಿಗೆಯ ಹತ್ತು ಮಂಟಪಗಳಲ್ಲಿ ಈ ಗುಡಿಯದೂ ಒಂದು.

ಗದ್ದಿಗೆಯನ್ನು ಬಿಟ್ಟರೆ ಓಂಕಾರೇಶ್ವರ ಅರ್ಧ ಮಾತ್ರ ಅರ್ಥವಾಗುತ್ತದೆ. ಊರಿನ ಉತ್ತರಕ್ಕೆ ಮಹದೇವಪೇಟೆಯ ಕಡೆ ದಿಬ್ಬದ ಮೇಲೆ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನವರ ಸಮಾಧಿ, ಪಕ್ಕದಲ್ಲಿ ಲಿಂಗರಾಜೇಂದ್ರನದು. ಅದೇ ಗುಮ್ಮಟ, ಅದೇ ಮೂಲೆ ಗೋಪುರಗಳು, ಅದೇ ಬಸವಗಳು. ಕೊಡಗನ್ನಾಳಿದ ಈ ಹಾಲೇರಿ ಅರಸರು ವೀರಶೈವರು, ಆದ್ದರಿಂದ ದಹನವಲ್ಲ, ಸಮಾಧಿ. ಒಳಗೆ ಪೂಜೆಯೂ ಇದೆ. ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನವರ ಸಮಾಧಿಗಳೂ ಇದೇ ಆವರಣದಲ್ಲಿವೆ. ರಾಜಾಸೀಟಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲೂ ಇಲ್ಲಿ ಜನ ವಿರಳ. ಮಡಿಕೇರಿಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಮ್ಮ ಆಯ್ಕೆ ಗದ್ದಿಗೆಯೇ.

ಎರಡನೇ ದಿನ ಬೆಳಗ್ಗೆ ಏಳಕ್ಕೆ ಮಡಿಕೇರಿ ಬಿಡಬೇಕು. ಭಾಗಮಂಡಲಕ್ಕೆ 35 ಕಿ.ಮೀ. ಆಸುಪಾಸು. ತಿರುವುಗಳ ದಾರಿ, ವಾಂತಿಯ ತೊಂದರೆ ಇರುವವರು ಹೊರಡುವ ಮೊದಲು ಲಘುವಾಗಿ ತಿನ್ನಿ. ಹಣ ತೆಗೆಯುವುದು, ಪೆಟ್ರೋಲ್ ಹಾಕಿಸುವುದು ಎಲ್ಲ ಮಡಿಕೇರಿಯಲ್ಲೇ ಮುಗಿಸಿ. ಮುಂದೆ ಮೊಬೈಲ್ ಸಿಗ್ನಲ್ಲನ್ನೂ ನೆಚ್ಚಿಕೊಳ್ಳುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಭಗಂಡೇಶ್ವರನ ಆವರಣದಲ್ಲಿ ಕೊಡಗು ತನ್ನ ಹಳೆಯ ಮುಖ ತೋರಿಸುತ್ತದೆ. ಗುಮ್ಮಟವಿಲ್ಲ. ತಗ್ಗಾಗಿ ಇಳಿದ, ತಾಮ್ರ ಹೊದಿಸಿದ ಮಾಡುಗಳು, ಎಂದರೆ ಇಳಿಜಾರು ಚಾವಣಿಗಳು, ಕೇರಳದ ಮಾದರಿ. ಇದಕ್ಕೆ ಕಾರಣ ತಲೆಯ ಮೇಲೇ ಇದೆ. ಈ ಮೂಲೆಯಲ್ಲಿ ವರ್ಷಕ್ಕೆ 200 ಇಂಚು ಮಳೆ ದಾಟುವುದು ಹೊಸದಲ್ಲ. ಮಟ್ಟಸವಾದ ಚಾವಣಿಯ ಮೇಲೆ ನಿಂತ ನೀರು ಬಿರುಕು ಹುಡುಕಿಕೊಂಡು ಒಳಗಿಳಿಯುತ್ತದೆ. ಕಡಿದಾದ ಮಾಡು ನೀರನ್ನು ನಿಲ್ಲಗೊಡುವುದಿಲ್ಲ, ಮುಂದಕ್ಕೆ ಚಾಚಿದ ಅದರ ಅಂಚು ಗೋಡೆಗೂ ಮರದ ಕೆತ್ತನೆಗೂ ಇರಿಚಲು ತಾಗದಂತೆ ಕಾಯುತ್ತದೆ. ಭಗಂಡೇಶ್ವರನಲ್ಲದೆ ಮಹಾವಿಷ್ಣು, ಸುಬ್ರಹ್ಮಣ್ಯ, ಗಣಪತಿಯರ ಗುಡಿಗಳೂ ಒಂದೇ ಅಂಗಳದಲ್ಲಿವೆ. ಮರದ ಒಳಚಾವಣಿಯ ಕೆತ್ತನೆಯನ್ನು ಬೆಳಕಿಗೆ ಕಣ್ಣು ಒಗ್ಗುವವರೆಗೆ ನಿಂತು ನೋಡಿ. ಹೊರಗಿನ ಬಿಸಿಲಿನಿಂದ ನೇರ ಬಂದವರಿಗೆ ಮೊದಲ ನಿಮಿಷದಲ್ಲಿ ಕಪ್ಪು ಬಿಟ್ಟರೆ ಏನೂ ಕಾಣುವುದಿಲ್ಲ. ಇಲ್ಲಿನ ಹಳೆಯ ಶಾಸನದ ಲಿಪಿ ಕನ್ನಡದ್ದಲ್ಲ, ತಮಿಳು, ಮಲಯಾಳ, ಗ್ರಂಥ ಬೆರೆತದ್ದು; ಅದರಲ್ಲಿ ಬೋಧರೂಪ ಭಗವರ ಎಂಬವರ ಹೆಸರಿದೆ. ನಾಪೋಕ್ಲು ಕಡೆಯ ಪಾಲೂರು ದೇವಸ್ಥಾನದ ಶಾಸನದಲ್ಲಿಯೂ ಇದೇ ಹೆಸರು. ಈ ಊರನ್ನೂ ಟಿಪ್ಪು ಹಿಡಿದು ಅಫ್ಜಲಾಬಾದ್ ಎಂದು ಕರೆದಿದ್ದ, ದೊಡ್ಡವೀರರಾಜೇಂದ್ರ 1790ರಲ್ಲಿ ಮರಳಿ ಗೆದ್ದ.

ಕಾವೇರಿ, ಕನ್ನಿಕೆ, ಗುಪ್ತಗಾಮಿನಿ ಸುಜ್ಯೋತಿಯ ಸಂಗಮ ದೇವಸ್ಥಾನದ ಹತ್ತಿರವೇ. ಪದ್ಧತಿಯಂತೆ ಇಲ್ಲಿ ಮಿಂದು, ಪಿಂಡ ಪ್ರದಾನ ಇದ್ದರೆ ಮುಗಿಸಿ, ಭಗಂಡೇಶ್ವರನ ದರ್ಶನ ಮಾಡಿ ಆಮೇಲೆ ತಲಕಾವೇರಿಗೆ ಹೋಗುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಂಗಮ ತುಂಬಿ ದಡದ ರಸ್ತೆಯ ಮೇಲೇ ನೀರು ಬರುತ್ತದೆ. ಮೇಲ್ಸೇತುವೆ ಆದ ಮೇಲೆ ಊರು ದಾಟುವುದು ಸುಲಭವಾಗಿದೆ, ನದಿಗಿಳಿಯುವುದು ಮಾತ್ರ ಆಗಲೂ ಈಗಲೂ ಅಪಾಯ. ಕೆಂಪು ನೀರು ಕಂಡರೆ ಮೆಟ್ಟಿಲಿನಿಂದಲೇ ಪ್ರೋಕ್ಷಣೆ ಮಾಡಿಕೊಂಡು ಬನ್ನಿ.

ತಲಕಾವೇರಿ ಅಲ್ಲಿಂದ 8 ಕಿ.ಮೀ., ಎತ್ತರ 1,276 ಮೀಟರ್. ಬಸ್ಸು ಕಡಿಮೆ, ಭಾಗಮಂಡಲದಲ್ಲಿ ಜೀಪು ಅಥವಾ ಆಟೊ ಮಾತಾಡಿಕೊಂಡರೆ ಕಾಯುವ ದರವನ್ನೂ ಸೇರಿಸಿಯೇ ಮಾತಾಡಿ. ಹಳೆಯ ಕಟ್ಟಡದ ಆಸೆಯಿಂದ ಹೋದವರಿಗೆ ನಿರಾಸೆಯಾಗಬಹುದು. 2007ರ ಜೀರ್ಣೋದ್ಧಾರದ ಮೇಲೆ ಎಲ್ಲೆಡೆ ಹೊಸ ಕಲ್ಲು. ಇಲ್ಲಿ ಹಳೆಯದು ಜಾಗ. ಬ್ರಹ್ಮಗಿರಿಯ ಮಗ್ಗುಲಲ್ಲಿ ಪುಟ್ಟ ಕುಂಡಿಕೆ, ಅದರ ಮುಂದೆ ಸ್ನಾನದ ಕೊಳ, ಮೇಲೆ ಅಗಸ್ತ್ಯೇಶ್ವರ ಮತ್ತು ಗಣಪತಿ. ಮಳೆಗಾಲ ಬಿಟ್ಟರೆ ಹರಿಯುವ ನೀರು ಇಲ್ಲಿ ಕಾಣುವುದಿಲ್ಲ, ಒಳಗೊಳಗೇ ಹರಿದು ಕೆಳಗೆ ಹೊರಬೀಳುತ್ತದೆ. ಚಡ್ಡಿ, ತೋಳಿಲ್ಲದ ಉಡುಪಿನಲ್ಲಿ ಬಂದರೆ ಆಕ್ಷೇಪಣೆ ಎದುರಾಗುತ್ತದೆ. ಪಂಚೆ, ಸೀರೆ, ಚೂಡಿದಾರ ಆದರೆ ಯಾರೂ ಕೇಳುವುದಿಲ್ಲ. 2020ರ ಆಗಸ್ಟ್‌ನಲ್ಲಿ ಪಕ್ಕದ ಗಜಗಿರಿ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋದ ಗುಡ್ಡವಿದು. ಬ್ರಹ್ಮಗಿರಿಯ ಮೆಟ್ಟಿಲಿಗೆ ಬೇಲಿ ಹಾಕಿದ್ದರೆ ಅದನ್ನು ದಾಟುವ ಯೋಚನೆ ಬೇಡ.

ಕುಂಡಿಕೆಯಲ್ಲಿ ನೀರು ಉಕ್ಕುವ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ, ಅಕ್ಟೋಬರ್ 17ರ ಹೊತ್ತಿಗೆ. ಗಳಿಗೆ ಪಂಚಾಂಗದ ಪ್ರಕಾರ. ಒಂದು ವರ್ಷ ಹಗಲು, ಇನ್ನೊಂದು ವರ್ಷ ನಡುರಾತ್ರಿ. ಆ ದಿನ ಸಾಮಾನ್ಯವಾಗಿ ವಾಹನಗಳನ್ನು ಭಾಗಮಂಡಲದಲ್ಲೇ ತಡೆದು ಬಸ್ಸುಗಳಲ್ಲಿ ಮೇಲೆ ಬಿಡುತ್ತಾರೆ. ಬಿಸಿ ಬಟ್ಟೆ, ಟಾರ್ಚು, ತೀರ್ಥಕ್ಕೆ ಮುಚ್ಚಳ ಭದ್ರವಾದ ಪಾತ್ರೆ ಇಟ್ಟುಕೊಳ್ಳಿ. ಕೊಡವರ ಮನೆಗಳಲ್ಲಿ ಅದೇ ಹೊತ್ತಿಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ ಕಾವೇರಮ್ಮೆಯನ್ನು ಕಣಿ (ಶುಭದರ್ಶನ) ನೋಡುವ ಪೂಜೆ ನಡೆಯುತ್ತದೆ. ಪರಿಚಯದವರು ಕರೆದರೆ ತಪ್ಪಿಸಬೇಡಿ.

ಹಿಂದಿರುಗುವಾಗ ಮಡಿಕೇರಿಗೆ ನೇರ ಹೋಗದೆ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಬನ್ನಿ. ಅಲ್ಲಿನ ಪಾಡಿಯ ಇಗ್ಗುತ್ತಪ್ಪ ಕೊಡಗಿನ ಮಳೆ, ಬೆಳೆಯ ದೇವರು. ಸುಗ್ಗಿ ಹಬ್ಬ ಪುತ್ತರಿಗೆ ಎಲೆಗಳ ‘ನೆರೆ’ ಕಟ್ಟುವ, ಕದಿರು ತೆಗೆಯುವ, ಊಟಕ್ಕೆ ಕೂರುವ ಗಳಿಗೆಗಳು ನಿಗದಿಯಾಗುವುದು ಇಲ್ಲಿ. ಇಡೀ ನಾಡು ಅದನ್ನು ಅನುಸರಿಸುತ್ತದೆ. ಈ ಕಟ್ಟಡಕ್ಕೂ ಲಿಂಗರಾಜೇಂದ್ರನ ಹೆಸರನ್ನೇ ಹೇಳುತ್ತಾರೆ. ಮಡಿಕೇರಿಯಲ್ಲಿ ಗುಮ್ಮಟ ಕಟ್ಟಿಸಿದ ಅರಸ ಇಲ್ಲಿ ನಾಡಿನ ಮಾಡನ್ನು ಬಿಟ್ಟುಕೊಡಲಿಲ್ಲ ಎಂಬುದು ಗಮನಿಸುವ ಸಂಗತಿ. ತುಲಾಭಾರದ ಹರಕೆ ಇದ್ದರೆ ಬೆಳಗ್ಗೆಯೇ ತಲುಪಬೇಕು, ಅಕ್ಕಿಯೋ ತೆಂಗಿನಕಾಯಿಯೋ ಬೆಲ್ಲವೋ ಎಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹಾಗೆ ಹರಕೆಯವರು ಎರಡನೇ ದಿನದ ದಾರಿಯನ್ನು ಉಲ್ಟಾ ಮಾಡಿಕೊಂಡು ಪಾಡಿಯಿಂದ ಶುರುಮಾಡುವುದೇ ಸರಿ.

ಹತ್ತಿರದಲ್ಲೇ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಮುಂದೆ ಪುಟ್ಟ ಮದುವೆ ಮಂಟಪವಿದೆ, ಅವನು ಮಹದೇವಮ್ಮನ ಕೈಹಿಡಿದದ್ದು ಅಲ್ಲೇ. 1834ರಲ್ಲಿ ಚಿಕ್ಕವೀರರಾಜೇಂದ್ರನ ಕೊನೆಯ ಆಶ್ರಯವೂ ಇದೇ. ಬಾಗಿಲುಗಳು ತಗ್ಗು, ತಲೆ ಜೋಪಾನ. ಸಂಜೆ ಐದರ ಒಳಗೆ ಸೇರಿ. ಕತ್ತಲಾದ ಮೇಲೆ ಕಕ್ಕಬ್ಬೆಯ ಕಿರಿದಾದ ರಸ್ತೆಯಲ್ಲಿ ಎದುರು ಜೀಪು ಬಂದರೆ ಹಿಂದಕ್ಕೆ ಹೋಗಲೂ ಜಾಗವಿರುವುದಿಲ್ಲ.

ಮೂರನೇ ದಿನ ಇರ್ಪು. ವಿರಾಜಪೇಟೆ, ಗೋಣಿಕೊಪ್ಪ, ಶ್ರೀಮಂಗಲದ ಮೇಲೆ ಕುಟ್ಟದ ಕಡೆಗೆ. ವಿರಾಜಪೇಟೆಯಿಂದಲೇ 48 ಕಿ.ಮೀ. ಲಕ್ಷ್ಮಣತೀರ್ಥ ನದಿಯ ದಡದಲ್ಲಿ ರಾಮೇಶ್ವರ ದೇವಸ್ಥಾನ, ಶಿವರಾತ್ರಿಗೆ ಜಾತ್ರೆ. ಜಲಪಾತಕ್ಕೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಡಿನ ಮೆಟ್ಟಿಲು ಹತ್ತಬೇಕು, ಸಂಜೆ ಬೇಗ ಬಿಡುವುದು ನಿಲ್ಲಿಸುತ್ತಾರೆ. ನೀರು ತುಂಬಿರುವ ತಿಂಗಳುಗಳಲ್ಲೇ ಜಿಗಣೆಯೂ ಹೆಚ್ಚು. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒದ್ದೆ ಮಾಡಿ ಇಟ್ಟುಕೊಂಡರೆ ಕಚ್ಚಿದ ಜಿಗಣೆಗೆ ತಾಗಿಸಿದೊಡನೆ ಬಿಡುತ್ತದೆ. ಕಿತ್ತೆಳೆದರೆ ಗಾಯ ಕೆರಳಿ ದಿನಗಟ್ಟಲೆ ತುರಿಸುತ್ತದೆ. ಮಳೆ ಜೋರಿದ್ದ ದಿನ ಜಲಪಾತದ ದಾರಿ ಮುಚ್ಚುವುದುಂಟು, ಹೊರಡುವ ಮೊದಲು ಒಮ್ಮೆ ಕೇಳಿ. ಮುಚ್ಚಿದ್ದರೂ ರಾಮೇಶ್ವರನ ದರ್ಶನಕ್ಕೆ ಅಡ್ಡಿಯಿಲ್ಲ.